ಪದಕಕ್ಕಿಂತ ಮೊದಲು ಮೈದಾನ

ಹೆಣ್ಣುಮಕ್ಕಳ ಕ್ರೀಡೆಯ ಮಾತು ಬಂದಾಗಲೆಲ್ಲ ನಾವು ಪದಕ ಎಣಿಸಲು ಕೂರುತ್ತೇವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಮಣಿಸಿದರು. ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹೆಮ್ಮೆಪಡೋಣ. ಆದರೆ ಅಲ್ಲಿಯವರೆಗೆ ಹೋಗುವವರು ಬೆರಳೆಣಿಕೆಯಷ್ಟು ಮಂದಿ. ಆಟ ಹೆಣ್ಣುಮಕ್ಕಳಿಗೆ ಬಲ ಕೊಡುತ್ತದೆ ಎನ್ನುವುದಾದರೆ, ಹೋಬಳಿ ಮಟ್ಟದಲ್ಲೇ ಸೋತು ಮನೆಗೆ ಬಂದವಳಿಗೆ ಏನು ಸಿಕ್ಕಿತು ಎಂದು ಕೇಳಬೇಕು.

ಶಾಲೆಯ ಖೋಖೋವನ್ನೇ ನೋಡಿ. ಎರಡು ಕಂಬ, ಒಂದಿಷ್ಟು ಬಯಲು ಸಾಕು. ಎಂಟು ಮಂದಿ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಅಟ್ಟಿಸಿಕೊಂಡು ಹೋಗುವವಳು ಹಿಂದಕ್ಕೆ ತಿರುಗುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ಎದುರಾಳಿ ತಪ್ಪಿಸಿಕೊಂಡಳೋ, ಯಾರನ್ನು ಎಬ್ಬಿಸಬೇಕೆಂದು ಆ ಕ್ಷಣವೇ ನಿರ್ಧರಿಸಿ, ಬೆನ್ನು ಮುಟ್ಟಿ, ಎಲ್ಲರಿಗೂ ಕೇಳುವಂತೆ ‘ಖೋ’ ಎನ್ನಬೇಕು. ಮನೆಯಲ್ಲಿ ‘ಮೆಲ್ಲಗೆ ಮಾತಾಡು’ ಎನ್ನಿಸಿಕೊಂಡ ಹುಡುಗಿ ಇಲ್ಲಿ ದನಿಯೆತ್ತಿ ಕೂಗಲೇಬೇಕು. ಯಾರ ಅಪ್ಪಣೆಗೂ ಕಾಯದೆ ತೀರ್ಮಾನಿಸುವುದು, ತಪ್ಪಾದರೆ ಅಳುತ್ತ ಕೂರದೆ ಮತ್ತೆ ಎದ್ದು ಓಡುವುದು, ಇವೆಲ್ಲ ಸೋತವಳಿಗೂ ದಕ್ಕುತ್ತವೆ. ಮುಂದೆ ಮದುವೆಯ ಮಾತುಕತೆಯಲ್ಲೋ ಕೆಲಸದ ಜಾಗದಲ್ಲೋ ‘ನನಗೆ ಒಪ್ಪಿಗೆಯಿಲ್ಲ’ ಎನ್ನಲು ಬೇಕಾಗುವುದೂ ಇದೇ ದನಿ.

ಆದರೂ ಹೈಸ್ಕೂಲು ಮುಗಿಯುವಷ್ಟರಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಮೈದಾನ ಬಿಡುತ್ತಾರೆ. ಮೈನೆರೆದ ಮೇಲೆ ಚಡ್ಡಿ ಹಾಕಿಕೊಂಡು ಓಡುವುದೇ ಎಂಬ ಆಕ್ಷೇಪ, ಬಟ್ಟೆ ಬದಲಿಸಲು ಜಾಗವಿಲ್ಲದ ಸಂಕಟ, ಸಂಜೆ ತಡವಾದರೆ ಊರಿಗೆ ಬಸ್ಸಿಲ್ಲದ ಚಿಂತೆ. ಇವುಗಳ ಜೊತೆಗೆ ‘ಓದು ಹಾಳಾಗುತ್ತದೆ’ ಎಂಬ ಬುದ್ಧಿಮಾತು. ಅಣ್ಣ ಕ್ರಿಕೆಟ್ ಆಡಲು ಹೊರಟಾಗ ಅದು ಅಷ್ಟಾಗಿ ನೆನಪಾಗುವುದಿಲ್ಲ.

ಹೊರಗೆ ಮಗಳಿಗೆ ಏನಾದೀತೋ ಎಂಬ ಹೆತ್ತವರ ಭಯವೇನೂ ಸುಳ್ಳಲ್ಲ. ಒಲಿಂಪಿಕ್ ಪದಕ ಗೆದ್ದ ಕುಸ್ತಿಪಟು ಸಾಕ್ಷಿ ಮಲಿಕ್ ಅಂಥವರೇ 2023ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ನ್ಯಾಯ ಕೇಳಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂರಬೇಕಾಯಿತು. ಆಟವೊಂದೇ ಹೆಣ್ಣನ್ನು ಕಾಯದು. ಹಾಗೆಂದು ಮಗಳನ್ನು ಮನೆಯಲ್ಲಿ ಕೂರಿಸಿದರೆ ಶಿಕ್ಷೆ ತಪ್ಪು ಮಾಡದವಳಿಗೆ ಆಗುತ್ತದೆ. ಬೇಕಾಗಿರುವುದು ಮಹಿಳಾ ತರಬೇತುದಾರರು, ಬಾಗಿಲು ನೀರು ಎರಡೂ ಇರುವ ಶೌಚಾಲಯ, ದೂರನ್ನು ಕಿವಿಗೊಟ್ಟು ಕೇಳುವ ಸಮಿತಿ. ಕೋಟಿಗಟ್ಟಲೆಯ ಕ್ರೀಡಾಂಗಣಕ್ಕಿಂತ ಇವು ಅಗ್ಗ.

ನಿಮ್ಮೂರ ಶಾಲೆಯ ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಒಂದೇ ಪ್ರಶ್ನೆ ಎತ್ತಿ: ಆಟದ ಪೀರಿಯಡ್‌ನಲ್ಲಿ ಹುಡುಗಿಯರು ಎಲ್ಲಿರುತ್ತಾರೆ? ಮೈದಾನದಲ್ಲಿ ಎಂಬ ಉತ್ತರ ಬರುವವರೆಗೆ ಪ್ರತಿ ಸಭೆಯಲ್ಲೂ ಕೇಳುತ್ತಿರಿ.