ಸಂಘಕ್ಕೆ ಬೇಕಿರುವುದು ಇನ್ನೊಂದು ಫ್ಲೆಕ್ಸ್ ಅಲ್ಲ

ನಮ್ಮ ಭಾಗದ ಒಂದು ಪದವಿ ಕಾಲೇಜಿನ ಸಾಹಿತ್ಯ ಸಂಘದ ಹುಡುಗರು ಒಮ್ಮೆ ನನ್ನ ಹತ್ತಿರ ಬಂದಿದ್ದರು. ಕೈಯಲ್ಲೊಂದು ಕೊಟೇಶನ್ ಇತ್ತು.

“ಸರ್, ಸಂಘದ್ದೊಂದು ವೆಬ್‌ಸೈಟ್ ಮಾಡಸಬೇಕಂತ ಮಾಡೇವ್ರಿ.”

“ಛಲೋ ಆತು. ಏನೇನ್ ಹಾಕ್ತೀರಪಾ ಅದರಾಗ?”

“ಮೊದಲ ಪ್ರಿನ್ಸಿಪಾಲರ ಫೋಟೋ, ಆಮ್ಯಾಲ ಅಧ್ಯಕ್ಷರದು, ಮತ್ತ ಉದ್ಘಾಟನಾ ಕಾರ್ಯಕ್ರಮದ ಗ್ಯಾಲರಿರಿ.”

“ನೀವು ಬರದಿದ್ದು?”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅದಕ್ಕ ಜಾಗ ಕೇಳಿಲ್ರಿ ಸರ್.”

ವೆಬ್‌ಸೈಟ್ ಆಯಿತು. ತೆರೆದರೆ ಶಾಲು, ಹಾರ, ಹಚ್ಚಿದ ದೀಪ ಒಂದರ ಹಿಂದೊಂದು ಸರಿದು ಹೋಗುತ್ತಿದ್ದವು. ಎರಡು ವರ್ಷದ ನಂತರ ಅದೇ ವಿಳಾಸ ಒತ್ತಿದರೆ ಯಾವುದೋ ಜೂಜಿನ ಜಾಹೀರಾತು ಬಂತು. ವಿಳಾಸವನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿದ್ದ ಹುಡುಗ ಪದವಿ ಮುಗಿಸಿ ಪುಣೆಗೆ ಹೋಗಿದ್ದ. ನವೀಕರಿಸಬೇಕೆಂಬ ನೆನಪೋಲೆ ಅವನ ಹಳೆಯ ಇಮೇಲಿಗೆ ಬಂದು ಬಿದ್ದಿತ್ತು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಆ ತಾಣ ಹೋದದ್ದಕ್ಕೆ ಯಾರೂ ಮರುಗಲಿಲ್ಲ, ಯಾಕೆಂದರೆ ಅದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ವಿದ್ಯಾರ್ಥಿ ಸಂಘವೆಂದರೆ ಒಂದು ಉದ್ಘಾಟನೆ, ಒಂದು ಸಮಾರೋಪ, ನಡುವೆ ಒಂದು ಫ್ಲೆಕ್ಸ್ ಎಂದಾಗಿದೆ. ಬಸ್‌ಸ್ಟ್ಯಾಂಡಿನ ಎದುರು ಕಟ್ಟುವ ಅದೇ ಫ್ಲೆಕ್ಸನ್ನು ಇಂಟರ್ನೆಟ್ಟಿನಲ್ಲೂ ಕಟ್ಟಿ ಅದಕ್ಕೆ ವೆಬ್‌ಸೈಟ್ ಎನ್ನುತ್ತೇವೆ. ನ್ಯಾಕ್ ಮೌಲ್ಯಮಾಪನವಿದೆಯೆಂದರೆ ರಾತ್ರೋರಾತ್ರಿ ಒಂದು ಪುಟ ಏಳುತ್ತದೆ, ಅದು ಮುಗಿದ ಮೇಲೆ ಅದರತ್ತ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಪರೀಕ್ಷಕರಿಗೆಂದು ಮಾಡಿದ ಪುಟಕ್ಕೆ ಓದುಗ ಎಲ್ಲಿಂದ ಬಂದಾನು?

ಈ ನೆಲದ್ದೇ ಒಂದು ಸಂಘದ ಕತೆ ನೋಡಿ. ಹಲಸಂಗಿ ಆಗ ಇಂಡಿ ತಾಲೂಕಿನ ಹಳ್ಳಿ, ಈಗ ಚಡಚಣ ತಾಲೂಕಿನಲ್ಲಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿದರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು. ಅವರ ಗುಂಪಿಗೆ ಕಟ್ಟಡವಿತ್ತೋ, ಲಾಂಛನವಿತ್ತೋ ಎಂದು ಇವತ್ತು ಯಾರೂ ಕೇಳುವುದಿಲ್ಲ. ಅವರು ಏನನ್ನು ಉಳಿಸಿದರು ಎಂಬುದನ್ನು ಕನ್ನಡ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಹೇಳಿಕೊಡುತ್ತೇವೆ. ಅದೇ ಕಾಲದಲ್ಲಿ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿ ಹುಡುಕುತ್ತ ಊರೂರು ಅಲೆದರು, ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಹೇಳಲೇಬೇಕಾದ ಮಾತು ಕೈಯಲ್ಲಿದ್ದುದರಿಂದ ಅವರಿಗೆ ಅಚ್ಚಿನ ಮೊಳೆ ಬೇಕಾಯಿತು. ನಾವು ಅಚ್ಚಿನ ಮನೆ ಕಟ್ಟಿ, ಬಣ್ಣ ಬಳಿದು, ಹೇಳುವುದೇನೂ ಇಲ್ಲದೆ ಕೂತಿದ್ದೇವೆ.

“ಈಗ ವೆಬ್‌ಸೈಟ್ ಯಾರು ನೋಡ್ತಾರ್ರಿ? ವಾಟ್ಸಾಪ್ ಐತಿ, ಇನ್‌ಸ್ಟಾಗ್ರಾಮ್ ಐತಿ” ಎನ್ನುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಸುದ್ದಿ ಮುಟ್ಟಿಸಲು ವಾಟ್ಸಾಪಿನಷ್ಟು ಚುರುಕಾದದ್ದು ಇನ್ನೊಂದಿಲ್ಲ. ಆದರೆ ಅಲ್ಲಿಯ ಸ್ಟೇಟಸ್ಸಿನ ಆಯುಷ್ಯ 24 ಗಂಟೆ. ಗುಂಪಿಗೆ ಹಾಕಿದ ಕವಿತೆ ಶುಭೋದಯದ ಹೂವುಗಳಡಿ ಮಧ್ಯಾಹ್ನದೊಳಗೆ ಹೂತು ಹೋಗುತ್ತದೆ. ಗುಂಪಿನ ಹೊರಗಿರುವವನು ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಇನ್ನೊಬ್ಬರ ಅಂಗಳದಲ್ಲಿ ಹಾಕಿದ ರಂಗೋಲಿ ಅವರು ಕಸ ಹೊಡೆಯುವತನಕ ಮಾತ್ರ. 2009ರಲ್ಲಿ ಜಿಯೋಸಿಟೀಸ್ ಮುಚ್ಚಿತು, 2014ರಲ್ಲಿ ಆರ್ಕುಟ್ ಮುಚ್ಚಿತು. ಅಲ್ಲಿ ಬರೆದವರ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಜಾಹೀರು ಮಾಡಲು ವಾಟ್ಸಾಪ್ ಇರಲಿ. ಬರಹ ಮಾತ್ರ ಸಂಘದ ಸ್ವಂತ ಮನೆಯಲ್ಲಿರಲಿ.

ಹಾಗಾದರೆ ಮನೆ ಕಟ್ಟುವುದು ಹೇಗೆ? ಮೊದಲು ಕಂಪ್ಯೂಟರ್ ಮುಚ್ಚಿ. ಒಂದು ನೋಟ್‌ಬುಕ್ ತೆಗೆದು ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಇಲ್ಲಿಗೆ ಯಾರು ಬರುತ್ತಾರೆ? ಏನನ್ನು ಹುಡುಕಿಕೊಂಡು ಬರುತ್ತಾರೆ? ಮುಂದಿನ ತಿಂಗಳು ಬರೆಯುವವರು ಯಾರು? ನಾವು ಕೊನೆಯ ವರ್ಷ ಮುಗಿಸಿ ಹೋದ ಮೇಲೆ ಕೀಲಿಕೈ ಯಾರ ಹತ್ತಿರ? ಈ ನಾಲ್ಕಕ್ಕೂ ಉತ್ತರ ಸಿಗುವತನಕ ಬಣ್ಣದ ಮಾತು ಎತ್ತಬೇಡಿ. ನಾಲ್ಕನೆಯದಕ್ಕೆ ಉತ್ತರ ಸುಲಭ. ವಿಳಾಸ, ಇಮೇಲು, ಪಾಸ್‌ವರ್ಡು ಎಲ್ಲವೂ ಸಂಘದ ಹೆಸರಿನಲ್ಲಿರಬೇಕು, ಸಂಘದ ಚಾರ್ಜು ವಹಿಸಿಕೊಡುವ ದಿನ ಲೆಕ್ಕದ ಪುಸ್ತಕದ ಜೊತೆಗೆ ಅವೂ ಕೈ ಬದಲಾಗಬೇಕು. ಎಲ್ಲ ಬರಹಗಳ ಒಂದು ನಕಲು ಪೆನ್‌ಡ್ರೈವಿನಲ್ಲಿ, ಇನ್ನೊಂದು ಕಾಲೇಜಿನ ಗ್ರಂಥಾಲಯದಲ್ಲಿ ಇರಬೇಕು.

ಪುಟಗಳು ನಾಲ್ಕೈದು ಸಾಕು. ಮೊದಲ ಪುಟದಲ್ಲಿ ಹೊಸ ಬರಹ, ಆಮೇಲೆ ಹಳೆಯ ಬರಹಗಳ ಪಟ್ಟಿ, ಮುಂದಿನ ಕಾರ್ಯಕ್ರಮ, ಸಂಘದ ಪರಿಚಯ, ಸಂಪರ್ಕ. ಅತಿಥಿಗಳ ಫೋಟೋ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅವರು ಆಡಿದ ಮಾತಿನ ಸಾರವನ್ನು ಒಬ್ಬ ವಿದ್ಯಾರ್ಥಿ ಅರ್ಧ ಪುಟ ಬರೆದ ಮೇಲೆ ಮಾತ್ರ. ಇಷ್ಟಕ್ಕೆ ಸಾವಿರಾರು ರೂಪಾಯಿಯ ಕೊಟೇಶನ್ನೂ ಬೇಕಾಗಿಲ್ಲ. ಸರಳ ಪುಟಗಳನ್ನು ಗಿಟ್‌ಹಬ್‌ನಂಥ ಕಡೆ ಪುಕ್ಕಟೆಯಾಗಿಯೇ ಇಡಬಹುದು. ಬಿಸಿಎ ಓದುವ ಒಬ್ಬ ಹುಡುಗಿ ಮನಸ್ಸು ಮಾಡಿದರೆ ಒಂದು ವಾರದ ಕೆಲಸ.

ವಿನ್ಯಾಸದ ವಿಷಯಕ್ಕೆ ಬಂದರೆ ಕನ್ನಡಕ್ಕೆ ನಾವೇ ಮಾಡುವ ಅನ್ಯಾಯ ದೊಡ್ಡದು. ಇಂಗ್ಲಿಷ್ ಟೆಂಪ್ಲೇಟು ತಂದು ಅದರೊಳಗೆ ಕನ್ನಡ ತುರುಕುತ್ತೇವೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತಕ್ಷರವಿದೆ, ಮೇಲೆ ಗುಣಿತದ ಗುರುತಿದೆ. ಸಾಲುಗಳ ನಡುವೆ ಜಾಗ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಇದಕ್ಕಿಂತ ಕೆಟ್ಟದ್ದು ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿ ಪಿಡಿಎಫ್ ಏರಿಸುವುದು, ಅಥವಾ ಕವಿತೆಯನ್ನು ಗುಲಾಬಿಯ ಚಿತ್ರದ ಮೇಲೆ ಬರೆದು ಫೋಟೋ ಮಾಡಿ ಹಾಕುವುದು. ಆ ಪಿಡಿಎಫ್‌ನಲ್ಲಿ ‘ಬಸವಣ್ಣ’ ಎಂದು ಹುಡುಕಿ ನೋಡಿ, ಸಿಗುವುದಿಲ್ಲ. ಒಳಗೆ ಇರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಫೋಟೋದೊಳಗಿನ ಕವಿತೆಯನ್ನು ಕಣ್ಣು ಕಾಣದ ಗೆಳೆಯನ ಮೊಬೈಲು ಅವನಿಗೆ ಸರಿಯಾಗಿ ಓದಿ ಹೇಳಲಾರದು. ಯೂನಿಕೋಡ್‌ನಲ್ಲಿ ಬರೆಯಿರಿ. ಅದು ಎಲ್ಲ ಮೊಬೈಲುಗಳಲ್ಲೂ ಇದೆ. ಬಸವಣ್ಣನ ಊರಿನ ಪಕ್ಕದ ಸಂಘದ ಪುಟದಲ್ಲೇ ಬಸವಣ್ಣನ ಹೆಸರು ಹುಡುಕಿದರೆ ಸಿಗದಿರುವುದು ನಾಚಿಕೆಯ ಸಂಗತಿ.

ಇಷ್ಟಾಗಿ, ಬರೆಯುವುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ ಬಂದ ಮನೆಗಳ ಮಕ್ಕಳು ಇವತ್ತು ನಿಮ್ಮ ತರಗತಿಯಲ್ಲೇ ಕೂತಿದ್ದಾರೆ. ಹಳೆಯ ಊರಿನಲ್ಲಿ ಯಾವ ಓಣಿಯಲ್ಲಿ ಯಾರ ಮನೆಯಿತ್ತು, ಯಾವ ಬಾವಿಯ ನೀರು ಸಿಹಿಯಿತ್ತು ಎಂದು ಹೇಳಬಲ್ಲ ಅಜ್ಜ ಅಜ್ಜಿಯರು ಮನೆಯಲ್ಲಿದ್ದಾರೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತೆಂದು ಹೆಮ್ಮೆಪಡುತ್ತೇವೆ, ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ಆ ಗಿಡ ಉಳಿಸಿಕೊಂಡ ರೈತನ ಮಾತನ್ನು ಬರೆದುಕೊಂಡಿದ್ದೇವೆಯೇ? ಸಿಂದಗಿ ತಾಲೂಕಿನ ಎಂ.ಎಂ. ಕಲಬುರ್ಗಿಯವರು ಶಾಸನ, ಹಸ್ತಪ್ರತಿ ಓದಿ ಜೀವ ಸವೆಸಿದರು. ನಿಮ್ಮೂರ ಗುಡಿಯ ಮುಂದೆ ನಿಂತ ಕಲ್ಲಿನ ಒಂದು ಚಿತ್ರ, ಅದರ ಜಾಗ, ಊರವರು ಅದರ ಬಗ್ಗೆ ಹೇಳುವ ಕತೆ, ಇಷ್ಟನ್ನಾದರೂ ನೀವು ಹಾಕಬಹುದು. ಹಾಡಿದವರ ಹೆಸರು, ಊರು, ದಿನಾಂಕ ಬರೆಯಿರಿ. ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ.

ತಿಂಗಳಿಗೆ ಎರಡು ಬರಹ ಬಂದರೂ ಮೂರು ವರ್ಷದ ಪದವಿ ಮುಗಿಯುವಷ್ಟರಲ್ಲಿ ಎಪ್ಪತ್ತೆರಡಾಗುತ್ತವೆ. ನಾಲ್ಕು ತಾಲೂಕಿನ ಸಂಘಗಳು ಹೀಗೇ ಮಾಡಿದರೆ ಎಷ್ಟಾಯಿತೆಂದು ಲೆಕ್ಕ ಹಾಕಿ. ಹಲಸಂಗಿಯವರ ಕೈಯಲ್ಲಿ ಇದ್ದದ್ದು ಪೆನ್ನು ಮತ್ತು ಹಾಳೆ. ನಿಮ್ಮ ಕಿಸೆಯಲ್ಲಿ ದನಿ ಹಿಡಿಯುವ, ಚಿತ್ರ ತೆಗೆಯುವ, ಅಕ್ಷರ ಮೂಡಿಸುವ ಯಂತ್ರವಿದೆ.

ಆ ಹುಡುಗರು ಮತ್ತೆ ಕೊಟೇಶನ್ ಹಿಡಿದು ಬಂದರೆ ನಾನು ಬಜೆಟ್ ಕೇಳುವುದಿಲ್ಲ. “ನಿಮ್ಮ ಆಯಿ ಬೀಸೂಮುಂದ ಏನ್ ಹಾಡ್ತಿದ್ಲಪಾ? ಬರಕೊಂಡು ಬರ್ರಿ, ಆಮ್ಯಾಲ ವೆಬ್‌ಸೈಟ್ ಮಾತಾಡೂಣು” ಎನ್ನುತ್ತೇನೆ.