ಬೆನಗಲ್ ನರಸಿಂಗ ರಾಯರನ್ನು ಬಡಿಗೆ ಮಾಡಿಕೊಂಡವರಿಗೆ

ಕಳೆದ ಚಳಿಗಾಲ ಅರಬೈಲಿನ ಮನೆಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದಾಗ ದೊಡ್ಡಪ್ಪ ಮೊಬೈಲು ಮುಂದೆ ಹಿಡಿದರು. ‘ನೋಡೇ ಕೂಸೇ, ಸಂವಿಧಾನ ಬರೆದದ್ದು ನಮ್ಮ ಬಿ.ಎನ್. ರಾವ್. ಹೆಸರು ಮಾತ್ರ ಅಂಬೇಡ್ಕರರದ್ದು.’

ಯಾವ ‘ನಮ್ಮ’? ರಾಯರು ಮಂಗಳೂರಿನವರು, ಸಾರಸ್ವತರು. ನಾವು ಘಟ್ಟದ ಹವ್ಯಕರು. ಊರೂ ಒಂದಲ್ಲ, ಮನೆಮಾತೂ ಒಂದಲ್ಲ. ಉಳಿದದ್ದು ಜನಿವಾರ.

ಮುಚ್ಚಿಟ್ಟ ಸತ್ಯವನ್ನು ಹೊರತೆಗೆದಂತೆ ಮಾತಾಡುವವರಿಗೆ ಒಂದು ವಿಷಯ ಹೇಳಬೇಕು. ಸಂವಿಧಾನ ಸಲಹೆಗಾರರಾಗಿದ್ದ ರಾಯರು 1947ರ ಅಕ್ಟೋಬರಿನಲ್ಲಿ 240 ವಿಧಿಗಳ ಕರಡು ಕೊಟ್ಟರು. ಕರಡು ಸಮಿತಿ, ಸಂವಿಧಾನ ಸಭೆ ಎರಡನ್ನೂ ದಾಟುವಷ್ಟರಲ್ಲಿ ಅದು 395 ವಿಧಿಗಳಾಗಿ ಬೆಳೆದಿತ್ತು. 1949ರ ನವೆಂಬರ್ 25ರಂದು, ತುಂಬಿದ ಸಭೆಯಲ್ಲಿ, ಶ್ರೇಯಸ್ಸಿನಲ್ಲಿ ರಾಯರ ಪಾಲಿದೆ ಎಂದು ಹೆಸರು ಹಿಡಿದು ಹೇಳಿದವರು ಅಂಬೇಡ್ಕರರೇ. ಮುಚ್ಚಿಟ್ಟವರು ಯಾರು ಹಾಗಾದರೆ?

ಈ ಅಭಿಮಾನಿಗಳಿಗೆ ರಾಯರ ಉಳಿದ ಬದುಕು ಬೇಕಿಲ್ಲ. ಬ್ರಿಟಿಷರಿಂದ ‘ಸರ್’ ಪಡೆದ ಈ ಐಸಿಎಸ್ ಅಧಿಕಾರಿ ಸ್ವತಂತ್ರ ಭಾರತದ ಪರವಾಗಿ ವಿಶ್ವಸಂಸ್ಥೆಯಲ್ಲಿ ಕೂತರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರು ಇವರೇ. 25ರಂದು ಉತ್ತರ ಕೊರಿಯಾದ ದಾಳಿಯ ವಿರುದ್ಧದ ನಿರ್ಣಯಕ್ಕೆ ಮತ ಕೊಟ್ಟರು. 27ರಂದು ದಕ್ಷಿಣಕ್ಕೆ ನೆರವಿನ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿದ್ದೂ ಮತದಾನದಲ್ಲಿ ಭಾಗವಹಿಸಲಿಲ್ಲ. ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ನೇಮಿಸಿದ ಮೂವರಲ್ಲಿ, ಇರಾನಿನ ಎಂತೆಜಾಮ್, ಕೆನಡಾದ ಪಿಯರ್‌ಸನ್ ಜೊತೆ, ಇವರೂ ಒಬ್ಬರು. ಚೀನಾ ಒಪ್ಪಲಿಲ್ಲ, ಪ್ರಯತ್ನ ಮುರಿಯಿತು. ಆಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ. 1953ರಲ್ಲಿ ಜ್ಯೂರಿಕ್‌ನಲ್ಲಿ ಸಾವು. ಮಾತು ತೂಗಿ ಆಡುವ ಕೆಲಸದಲ್ಲೇ ಆಯುಷ್ಯ ಕಳೆದ ಮನುಷ್ಯನನ್ನು ಒಂದು ಫಾರ್ವರ್ಡಿನಲ್ಲಿ ಬೈಗುಳವಾಗಿ ಬಳಸುತ್ತಿದ್ದೇವೆ.

ಇನ್ನೊಂದನ್ನಂತೂ ಇವರು ಬಾಯಿ ತಪ್ಪಿಯೂ ಹೇಳುವುದಿಲ್ಲ. 1941ರ ಹಿಂದೂ ಕಾನೂನು ಸಮಿತಿಗೆ ಅಧ್ಯಕ್ಷರಾಗಿದ್ದವರು ಇದೇ ರಾಯರು. ವಿಚ್ಛೇದನ, ಏಕಪತ್ನಿತ್ವ, ಅಪ್ಪನ ಆಸ್ತಿಯಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು ಆ ಸಮಿತಿಯ ಕರಡಿನಲ್ಲಿದ್ದವು. ಅದನ್ನೇ ಹಿಂದೂ ಕೋಡ್ ಬಿಲ್ ಆಗಿ ಮುಂದಕ್ಕೊಯ್ದು, ಮಗಳ ಪಾಲನ್ನು ಸಮ ಮಾಡಲು ಹೊರಟು, ಕೊನೆಗೆ 1951ರಲ್ಲಿ ಮಂತ್ರಿಪದವಿ ಬಿಟ್ಟವರು ಅಂಬೇಡ್ಕರ್. ಇಬ್ಬರನ್ನೂ ಅಂದು ಸಂಪ್ರದಾಯಸ್ಥರು ಒಟ್ಟಿಗೇ ವಿರೋಧಿಸಿದ್ದರು.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಮೆಟ್ಟುಗತ್ತಿಯಿಂದ ಕಣ್ಣೆತ್ತಲಿಲ್ಲ. ನಮ್ಮ ಅತ್ತೆಯಂದಿರು ಮೂವರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ತೋಟ ಬಿಟ್ಟವರು. ಅಪ್ಪ ತೀರಿಕೊಂಡ ಮೇಲೆ ಈಗ ನನ್ನ ಸಹಿಯೂ ಬೇಕಂತೆ. ಮುಂದಿನ ತಿಂಗಳು ಯಲ್ಲಾಪುರಕ್ಕೆ ಬಾ ಎಂದಿದ್ದಾರೆ.