ಒಪ್ಪಿಸಿದರೆ ಮುಗಿಯಿತೇ?

ಹದಿಹರೆಯದ ಮಗು ಮನೆ ಬಿಟ್ಟು ಹೋದಾಗ ಊರೆಲ್ಲ ಮಾತನಾಡುತ್ತದೆ. ಸಹವಾಸ ಕೆಡಿಸಿತು ಎನ್ನುವವರು ಕೆಲವರು, ಮೊಬೈಲ್ ಕೆಡಿಸಿತು ಎನ್ನುವವರು ಹಲವರು. ಮಗು ಸಿಕ್ಕ ದಿನ ಮಾತು ನಿಲ್ಲುತ್ತದೆ, ಠಾಣೆಯಲ್ಲಿ ಕಡತ ಮುಚ್ಚುತ್ತದೆ. ಹೋದದ್ದೇಕೆ ಎಂದು ಕೇಳದೆ ಮಗುವನ್ನು ಮನೆಗೆ ಒಪ್ಪಿಸುವುದು ರಕ್ಷಣೆಯಲ್ಲ, ಕೈತೊಳೆದುಕೊಳ್ಳುವುದು.

ಕಾರಣಗಳು ಗುಟ್ಟಿನವೇನಲ್ಲ. ಪರೀಕ್ಷೆಯ ಫಲಿತಾಂಶದ ಭಯ, ಕುಡಿದು ಬಂದು ಹೊಡೆಯುವ ಅಪ್ಪ, ಓದು ಬಿಡಿಸಿ ಮದುವೆ ಮಾಡುವ ಆತುರ, ಬಾಯಿ ಬಿಟ್ಟು ಹೇಳಲಾಗದ ಲೈಂಗಿಕ ಕಿರುಕುಳ, ಮನೆಯವರು ಒಪ್ಪದ ಪ್ರೀತಿ. 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮೂವರು ಶಾಲಾ ಹುಡುಗರು ಓದಿಗಿಂತ ಆಟದಲ್ಲೇ ಆಸಕ್ತಿ ಎಂದು ಚೀಟಿ ಬರೆದಿಟ್ಟು ಹೋಗಿದ್ದರು. ಎದುರು ನಿಂತು ಹೇಳಲಾಗದ್ದನ್ನು ಮಕ್ಕಳು ಚೀಟಿಯಲ್ಲಿ ಬರೆಯುತ್ತಾರೆ.

ಬಾಲನ್ಯಾಯ ಕಾಯ್ದೆ, 2015 ಮನೆ ಬಿಟ್ಟ ಮಗುವನ್ನು ತಪ್ಪಿತಸ್ಥ ಎನ್ನುವುದಿಲ್ಲ. ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು ಎನ್ನುತ್ತದೆ. ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಯ ಪರಿಸ್ಥಿತಿಯ ಬಗ್ಗೆ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಆ ವರದಿ ನಾಮಕಾವಾಸ್ತೆ ಆದರೆ, ಹೊಡೆದ ಕೈಗೇ ಮಗುವನ್ನು ಮರಳಿ ಕೊಟ್ಟಂತಾಗುತ್ತದೆ.

ರಾತ್ರಿ ರೈಲಿನಿಂದ ಇಳಿಯುವ ಹುಡುಗನ ಹೆಗಲಲ್ಲಿ ಶಾಲೆಯ ಬ್ಯಾಗು, ಅದರೊಳಗೆ ಪುಸ್ತಕದ ಬದಲು ಒಂದು ಜೊತೆ ಬಟ್ಟೆ. ನಲ್ಲಿ ನೀರು ಕುಡಿದು ಬೆಂಚಿನ ಮೇಲೆ ಕುಳಿತವನನ್ನು ಮೊದಲು ಮಾತನಾಡಿಸುವವರು ಯಾರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಊಟ ಕೊಡಿಸಿ ಕೆಲಸಕ್ಕೆ ಕರೆದೊಯ್ಯುವ ದಲ್ಲಾಳಿಗಿಂತ ಮೊದಲು ಮಕ್ಕಳ ರಕ್ಷಣೆಯ ಕಾರ್ಯಕರ್ತರು ಅಲ್ಲಿರಬೇಕು. 1992ರಲ್ಲಿ ರಾಯಚೂರಿನಲ್ಲಿ ಆರಂಭವಾದ ಸಾಥಿ ಸಂಸ್ಥೆ ನಿಲ್ದಾಣಗಳಲ್ಲಿ ಇದೇ ಕೆಲಸ ಮಾಡಿದೆ. ಮಕ್ಕಳನ್ನು ಕೆಲವು ವಾರ ಶಿಬಿರದಲ್ಲಿಟ್ಟು, ಅವರ ಮನಸ್ಸು ತಿಳಿದು, ಆಮೇಲೆ ಹೆತ್ತವರನ್ನು ಕರೆಸುವುದು ಅದರ ಕ್ರಮ.

ಹೆಚ್ಚು ವಿವಾದವಿರುವುದು ಪ್ರೀತಿಸಿ ಹೋದವರ ವಿಷಯದಲ್ಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ, ಲೈಂಗಿಕ ಸಂಬಂಧಕ್ಕೆ 18 ತುಂಬದವರ ಸಮ್ಮತಿಯನ್ನು ಒಪ್ಪುವುದಿಲ್ಲ. 16 ದಾಟಿದ ಹುಡುಗಿಯರ ಇಂಥ ಪ್ರಕರಣಗಳನ್ನು ಕಂಡು ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ವಯೋಮಿತಿಯನ್ನು ಮರುಪರಿಶೀಲಿಸಬೇಕೆಂದು ಕಾನೂನು ಆಯೋಗಕ್ಕೆ ಸೂಚಿಸಿತು. 2023ರಲ್ಲಿ ಆಯೋಗ ಮಿತಿ ಇಳಿಸುವುದು ಬೇಡವೆಂದಿತು. 16ರಿಂದ 18ರವರ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಅವಕಾಶವಿರಲಿ ಎಂದಿತು. ಮಿತಿ ಎಲ್ಲಿಯೇ ನಿಲ್ಲಲಿ, ಹುಡುಗನನ್ನು ಜೈಲಿಗೆ ಕಳಿಸಿ ಹುಡುಗಿಯನ್ನು ಗಡಿಬಿಡಿಯಲ್ಲಿ ಬೇರೆ ಮದುವೆಗೆ ದೂಡಿದರೆ ಮನೆತನದ ಮಾನ ಉಳಿದೀತು, ಮಕ್ಕಳ ಬದುಕು ಉಳಿಯದು.

ಆದ್ದರಿಂದ ಪ್ರತಿ ಮಗುವಿನ ಮಾತನ್ನು ಹೆತ್ತವರಿಲ್ಲದ ಕೋಣೆಯಲ್ಲಿ ಕೇಳಬೇಕು. ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ವಿಚಾರಿಸಿಕೊಳ್ಳಬೇಕು. ಹೆತ್ತವರ ಪಾಲಿನ ಕೆಲಸ ಇನ್ನೂ ಸರಳ. ಮರಳಿದ ಮೊದಲ ರಾತ್ರಿ ಏಟು ಬೇಡ, ಬೈಗುಳ ಬೇಡ. ಊಟ ಹಾಕಿ, ಪಕ್ಕದಲ್ಲಿ ಕುಳಿತು, ಮಗು ಹೇಳುವುದನ್ನು ಕೊನೆಯವರೆಗೆ ಕೇಳಲಿ.